ಕಾಲುಬದಲು ಕಲಿಸುವವನ ಗುಟ್ಟು

ಕೋರ್ಡ್ ಮೈಂಕೆನ್ ಕುದುರೆಯ ಮೇಲೆ ಕೂತು ನೆಗೆಯೋಟ ಓಡಿಸಿ ಎರಡು ವರ್ಷ ದಾಟಿತ್ತು. ಈ ಸಂಗತಿ ತನ್ನೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ.

ಓಟರ್‌ಬ್ರೂಕ್ ಎಂಬ ಊರಿನ ಟೀಟ್ಯೆನ್ ಕುದುರೆಲಾಯದಲ್ಲಿ ಅವನದು ಇಪ್ಪತ್ತೆರಡು ವರ್ಷದ ಸವಾರಿ ಕೆಲಸ. ಜನ ತಂದುಬಿಟ್ಟ ಕುದುರೆಗಳನ್ನು ಪಳಗಿಸಿ, ವಿದ್ಯೆ ಕಲಿಸಿ, ಮರಳಿ ಒಪ್ಪಿಸುವುದು. ಎಲ್ಲ ಸವಾರರೂ ಎಲ್ಲವನ್ನೂ ಅಷ್ಟಿಷ್ಟು ಕಲಿಸುತ್ತಾರೆ. ಆದರೆ ಕಾಲುಬದಲು ಅಂದರೆ ಮೈಂಕೆನ್ ಎಂದು ಆಲ್ಲರ್ ನದಿಯ ಎರಡೂ ದಡದಲ್ಲಿ ಹೆಸರಾಗಿತ್ತು. ನೆಗೆಯೋಟದಲ್ಲಿ ಕುದುರೆ ಒಂದು ಮಗ್ಗುಲಿನ ಕಾಲುಗಳನ್ನು ಮುಂದುಮಾಡಿಕೊಂಡು ಓಡುತ್ತದೆ. ಎಡಕ್ಕೆ ತಿರುಗಿದರೆ ಎಡ, ಬಲಕ್ಕೆ ತಿರುಗಿದರೆ ಬಲ. ಮೂರು ಸಪ್ಪಳ, ಆಮೇಲೆ ನಾಲ್ಕೂ ಕಾಲು ನೆಲ ಬಿಟ್ಟ ಒಂದು ಗಳಿಗೆಯ ಮೌನ. ಆ ಮೌನಕ್ಕೆ ಕೂದಲೆಳೆಯಷ್ಟು ಮುಂಚೆ ಸವಾರ ತನ್ನ ಮೀನಖಂಡದಿಂದ ಹೇಳಬೇಕು, ಕುದುರೆ ಗಾಳಿಯಲ್ಲೇ ಎಡವನ್ನು ಬಲ ಮಾಡಿಕೊಂಡು ಇಳಿಯಬೇಕು. ಚೂರು ತಡವಾಗಿ ಹೇಳಿದರೆ ಮುಂಗಾಲು ಬದಲಾಗಿ ಹಿಂಗಾಲು ಹಾಗೇ ಉಳಿಯುತ್ತದೆ. ಆ ತಪ್ಪು ಒಮ್ಮೆ ಅಂಟಿಕೊಂಡರೆ ವರ್ಷಗಟ್ಟಲೆ ಬಿಡುವುದಿಲ್ಲ. ಮೈಂಕೆನ್ ಕಲಿಸಿದ ಯಾವ ಕುದುರೆಗೂ ಅದು ಅಂಟಿದ್ದಿಲ್ಲ.

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ರುಬಿನ್ ಎಂಬ ಕಂದು ಕುದುರೆ ಸರಿಯಾಗಿ ಆ ಗಳಿಗೆಯಲ್ಲೇ ಬೆನ್ನು ಬಿಲ್ಲು ಮಾಡಿ ಹಿಂಗಾಲು ಎತ್ತಿ ಒದೆಯಿತು. ಕೋರ್ಡ್ ಸವಾರಿಗೆಂದು ಸೂರು ಹಾಕಿದ ಒಳಾಂಗಣದ ಮರದ ಗೋಡೆಗೆ ಬಡಿದು ಮರಳಿನ ಮೇಲೆ ಬಿದ್ದ. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಹದಿನಾಲ್ಕು ವಾರ ಹಾಸಿಗೆ, ಊರುಗೋಲು, ವ್ಯಾಯಾಮ ಎಲ್ಲ ಮುಗಿದ ಮೇಲೆ ವೈದ್ಯರು, ನಿಮ್ಮ ಮೂಳೆ ಮೊದಲಿಗಿಂತ ಗಟ್ಟಿಯಾಗಿದೆ ಎಂದು ಕಾಗದ ಬರೆದುಕೊಟ್ಟರು. ಮರಳಿ ಬಂದ ಮೊದಲ ದಿನ ಒಂದು ಸಾಧು ಮುದಿ ಕುದುರೆ ಏರಿದ. ನಡಿಗೆ ಆಯಿತು. ಅದಕ್ಕಿಂತ ಚುರುಕಾದ ಕುಕ್ಕೋಟವೂ ಆಯಿತು. ನೆಗೆಯೋಟಕ್ಕೆ ಹೇಳಬೇಕೆಂದಾಗ ಅವನ ಕಾಲು ಹೇಳಲಿಲ್ಲ. ಕಾಲನ್ನು ಹಿಂದಕ್ಕೆ ಎಳೆಯಬೇಕೆಂದು ಮನಸ್ಸು ಅಂದುಕೊಂಡರೂ ಕಾಲು ಜೀನಿಗೆ ಮೊಳೆ ಹೊಡೆದಂತೆ ನಿಂತಿತು, ಕೈ ತಾನೇ ಲಗಾಮು ಜಗ್ಗಿತು. ಮೊದಲ ದಿನ ತಾನೇ, ನಾಳೆ ನೋಡೋಣ ಎಂದುಕೊಂಡು ಇಳಿದ.

ನಾಳೆಯೂ ಹಾಗೇ ಆಯಿತು, ನಾಡಿದ್ದೂ. ಆಮೇಲೆ ಅವನು ಪ್ರಯತ್ನವನ್ನು ಬಿಟ್ಟು ಮರೆಮಾಚುವುದನ್ನು ಕಲಿತ. ಎಳೆ ಕುದುರೆಗಳು ಗಲಾಟೆಗೆ ಬೆದರುತ್ತವೆಂದು ಹೇಳಿ ಬೆಳಗ್ಗೆ ಆರಕ್ಕೇ ಒಳಾಂಗಣಕ್ಕೆ ಹೋಗಿ ಬಾಗಿಲು ಜಾರಿಸಿಕೊಳ್ಳುತ್ತಿದ್ದ. ಕುದುರೆಯನ್ನು ಮೊದಲು ಉದ್ದ ಹಗ್ಗದಲ್ಲಿ ಸುತ್ತ ಓಡಿಸಿ ಬೆವರು ಬರಿಸಿ, ಆಮೇಲೆ ಜೀನು ಹಾಕಿ ನಡಿಗೆ, ಕುಕ್ಕೋಟ. ಯಾರಾದರೂ ಬರುವ ಹೊತ್ತಿಗೆ ಕುದುರೆ ನೊರೆಗರೆಯುತ್ತಾ ನಿಂತಿರುತ್ತಿತ್ತು. ಕಲಿತ ಕುದುರೆಗಳನ್ನು ಇಮ್ಕೆಯ ಕೈಗೆ ಕೊಟ್ಟು ತಾನು ನಡುವೆ ನಿಂತು ಹೇಳಿಕೊಡುತ್ತಿದ್ದ. ಇಮ್ಕೆ ಮೂವತ್ತೆಂಟರ ಹೆಂಗಸು, ಇಬ್ಬರು ಮಕ್ಕಳ ತಾಯಿ, ಮಧ್ಯಾಹ್ನದವರೆಗೆ ಮಾತ್ರ ಬರುವ ಸವಾರಳು. "ಕೆಳಗಿಂದ ನೋಡಿದ್ರೆ ಹಿಂಗಾಲು ಚೆನ್ನಾಗಿ ಕಾಣತ್ತೆ," ಎಂದು ಕೋರ್ಡ್ ಹೇಳುತ್ತಿದ್ದ. ಅದು ಸುಳ್ಳೂ ಅಲ್ಲ. ಹೀಗೆ ಹೆಚ್ಚುಕಡಿಮೆ ಎರಡು ವರ್ಷ ಸಾಗಿತು.

ಅಕ್ಟೋಬರಿನಲ್ಲಿ ಏವಾಲ್ಟ್ ಲ್ಯೂರ್ಸ್ ತನ್ನ ದಾಲಿಯಾಳನ್ನು ಕರೆದುಕೊಂಡು ಬಂದ. ಲ್ಯೂರ್ಸ್‌ಗೆ ಎಪ್ಪತ್ತೊಂದು. ಮೂವತ್ತೈದು ವರ್ಷ ಹಳ್ಳಿಹಳ್ಳಿಯಿಂದ ಹಾಲು ಒಟ್ಟುಮಾಡಿ ಡೇರಿಗೆ ಸಾಗಿಸುವ ಟ್ಯಾಂಕರ್ ಓಡಿಸಿದವನು. ಮನೆಯ ಹಿಂದಿನ ಒಂದೇ ಒಂದು ಹೆಣ್ಣುಕುದುರೆಗೆ ಹುಟ್ಟಿದ ಮರಿ ಈ ದಾಲಿಯಾ. ಏಳು ವರ್ಷ, ಕಪ್ಪುಗೆಂಪು ಮೈ, ಮೂಗಿನ ಮೇಲೆ ಹಿಟ್ಟು ಮೆತ್ತಿದಂತೆ ಬಿಳಿ. ಮಾರುವ ಮಾತೇ ಇರಲಿಲ್ಲ.

"ಇಪ್ಪತ್ತು ವರ್ಷದ ಹಿಂದೆ ವೆರ್ಡನ್ ಪಂದ್ಯದಲ್ಲಿ ನಿನ್ನ ನೋಡಿದ್ದೆ ಕಣಯ್ಯ," ಎಂದ ಲ್ಯೂರ್ಸ್. "ಎರಡೆರಡು ನೆಗೆತಕ್ಕೊಂದು ಬದಲು. ನನ್ನ ಹೆಂಡ್ತಿ ಪಕ್ಕದಲ್ಲಿ ಐಸ್‌ಕ್ರೀಮ್ ತಿಂತಿದ್ಲು, ಅದು ಕರಗಿ ಕೋಟಿನ ಮೇಲೆಲ್ಲ ಬಿದ್ರೂ ಅವಳಿಗೆ ಗೊತ್ತಾಗ್ಲಿಲ್ಲ. ಆವತ್ತೇ ಅಂದ್ಕೊಂಡೆ, ನನಗೂ ಒಂದು ಕುದುರೆ ಆದ್ರೆ ಇವನ ಹತ್ರಾನೇ ಬಿಡೋದು ಅಂತ. ಈಸ್ಟರ್ ಆಗಿ ಏಳು ವಾರಕ್ಕೆ ಬರೋ ಪೆಂತೆಕೋಸ್ತ್ ಹಬ್ಬದ ಹೊತ್ತಿಗೆ ಒಂದೇ ಒಂದು ಬದಲು ತೋರ್ಸು. ಸಾಕು. ಆದ್ರೆ ಬೇರೆ ಯಾರೂ ಅವಳ ಮೇಲೆ ಕೂರಬಾರ್ದು."

ಕೋರ್ಡ್ ತಲೆಯಾಡಿಸಿದ. ಇಲ್ಲ ಅನ್ನುವುದಕ್ಕೆ ಅವನ ಬಳಿ ಯಾವ ನೆಪವೂ ಇರಲಿಲ್ಲ.

ದಾಲಿಯಾಗೆ ಕಲಿಸುವುದು ಕಷ್ಟದ ಕೆಲಸವಲ್ಲ ಎಂದು ಅವನಿಗೆ ಮೊದಲ ವಾರದಲ್ಲೇ ತಿಳಿಯಿತು. ಬಯಲಿಗೆ ಬಿಟ್ಟಾಗ ಅವಳು ತನ್ನಷ್ಟಕ್ಕೆ ಬೇಲಿಯ ಮೂಲೆಯಲ್ಲಿ ಕಾಲು ಬದಲಿಸುತ್ತಿದ್ದಳು, ಮಾತಿನ ನಡುವೆ ಉಸಿರು ತೆಗೆದುಕೊಂಡಷ್ಟು ಸಲೀಸಾಗಿ. ಅವಳ ಮೇಲೆ ಯಾರಾದರೂ ಕೂತು ಸರಿಯಾದ ಗಳಿಗೆಯಲ್ಲಿ ಹೇಳಿದರೆ ಮುಗಿಯಿತು. ಅದೊಂದೇ ಅವನಿಂದ ಆಗದ್ದು.

ಪ್ರತಿ ಶನಿವಾರ ಲ್ಯೂರ್ಸ್ ಒಂದು ತಟ್ಟೆ ಬೆಣ್ಣೆ ಕೇಕ್ ಹಿಡಿದು ಬರುತ್ತಿದ್ದ. "ಏನಯ್ಯ, ಆಯ್ತಾ?" ಎಂದು ಕೇಳುತ್ತಿದ್ದ. ಇನ್ನೂ ಬೆನ್ನು ಬಲಿತಿಲ್ಲ ಎಂದು ಕೋರ್ಡ್ ನವೆಂಬರಿನಲ್ಲಿ ಹೇಳಿದ. ಡಿಸೆಂಬರಿನಲ್ಲಿ, ಎಡಗಡೆ ಸ್ವಲ್ಪ ಬಿಗಿ ಎಂದ. ಜನವರಿಯಲ್ಲಿ, ಹಿಂಗಾಲು ತಡ ಮಾಡುತ್ತಾಳೆ, ಅವಸರ ಮಾಡಿದರೆ ತಪ್ಪು ಅಂಟಿಕೊಳ್ಳುತ್ತದೆ ಎಂದ. ಒಂದೊಂದು ಮಾತೂ ಬೇರೆ ಯಾವುದೋ ಕುದುರೆಯ ಬಗ್ಗೆ ಎಂದೋ ನಿಜವಾಗಿದ್ದದ್ದೇ. ಲ್ಯೂರ್ಸ್ ಕೇಕ್ ಕತ್ತರಿಸುತ್ತಾ ಎಲ್ಲವನ್ನೂ ನಂಬುತ್ತಿದ್ದ. 

ಹೇಳಿಬಿಡಬಹುದಿತ್ತು. ಆದರೆ ಯಾರಿಗೆ? ಲಾಯದ ಮೇಲಿನ ಎರಡು ಕೋಣೆಯ ಮನೆ ಸವಾರನ ಕೆಲಸದ ಜೊತೆಗೇ ಬಂದದ್ದು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಹೆಂಡತಿ ಗೇಸಾ ಅಲ್ಲಿಂದ ಸೈಕಲ್ಲಿನಲ್ಲಿ ಬೇಕರಿ ಕೆಲಸಕ್ಕೆ ಹೋಗಿಬರುತ್ತಿದ್ದಳು. ಐವತ್ತೊಂದರ ವಯಸ್ಸಿಗೆ ಅವನಿಗೆ ಬೇರೆ ಯಾವ ಕಸುಬೂ ಗೊತ್ತಿರಲಿಲ್ಲ. ಇನ್ನು ಒಡತಿ ಆಲ್ಮುಟ್ ಟೀಟ್ಯೆನ್ ಕೆಟ್ಟವಳಲ್ಲ, ಆದರೆ ಬಾಯಿಗೆ ಬಾಗಿಲಿಲ್ಲ. ಪಕ್ಕದೂರಿನ ಒಬ್ಬ ಸವಾರ ಬಿದ್ದು ಕೆಲಸ ಬಿಟ್ಟ ಸುದ್ದಿ ಬಂದಾಗ ಊಟದ ಮೇಜಿನಲ್ಲಿ ಎಲ್ಲರೆದುರು ಅಂದಿದ್ದಳು: "ನೆಗೆಯೋಟ ಬಿಟ್ಟ ಸವಾರನಿಗೆ ಸಲಿಕೆ ಕೊಟ್ಟು ತೋಟಕ್ಕೆ ಕಳಿಸ್ಬೇಕು. ಟೊಮೇಟೊ ಗಿಡ ಒದೆಯಲ್ಲ ನೋಡಿ." ಎಲ್ಲರೂ ನಕ್ಕರು. ಕೋರ್ಡ್ ಕೂಡ ನಕ್ಕ. ತನ್ನ ನಗು ಉಳಿದವರಿಗಿಂತ ಜೋರಾಗಿತ್ತು ಎಂಬುದು ಆಮೇಲೆ ನೆನಪಾಗಿ ಅವನ ಕಿವಿ ಬಿಸಿಯಾಯಿತು.

ಫೆಬ್ರವರಿಯಲ್ಲಿ ಸುಳ್ಳು ಕೈಮೀರಿತು. ಐದು ತಿಂಗಳಾಗುತ್ತಾ ಬಂದರೂ ಬದಲು ಬರಲಿಲ್ಲವೆಂದರೆ ಕುದುರೆಯ ಬೆನ್ನಿನಲ್ಲೇ ಏನೋ ಇದೆ ಎಂದು ಆಲ್ಮುಟ್ ಪಶುವೈದ್ಯನನ್ನು ಕರೆಸಿದಳು. ಅವನು ಎಕ್ಸ್‌ರೇ ತೆಗೆದು ನೋಡಿದ, ಕಾಲು ಮಡಿಸಿ ನೋಡಿದ, ಏನೂ ಕಾಣಲಿಲ್ಲ. "ಆದರೂ ಮೈಂಕೆನ್ ಬಿಗಿ ಅಂತಿದ್ದಾರಲ್ಲ," ಎಂದುಕೊಂಡು ಬೆನ್ನುಮೂಳೆಯ ಎರಡೂ ಬದಿಗೆ ಕೂದಲು ಬೋಳಿಸಿ ಆರು ಸೂಜಿ ಚುಚ್ಚಿದ. ದಾಲಿಯಾಳ ತಲೆ ಹಿಡಿದು ನಿಂತವನು ಕೋರ್ಡ್. ಪ್ರತಿ ಸೂಜಿಗೂ ಅವಳ ಚರ್ಮ ನೀರಿನಂತೆ ಅಲುಗುತ್ತಿತ್ತು. ಅವಳು ಅವನ ತೋಳಿಗೆ ಮೂಗು ಒತ್ತಿಕೊಂಡೇ ಇದ್ದಳು. ಅವನು ಬಾಯಿ ತೆರೆದ. ಹೇಳಿದ್ದು ಮಾತ್ರ, "ಆಯ್ತು, ಆಯ್ತು," ಎಂದು.

ಮಾರ್ಚ್ ಮೊದಲ ವಾರದಲ್ಲಿ ಆಲ್ಮುಟ್ ಬಂದು ಲಾಯದ ಕಟಕಟೆಗೆ ಒರಗಿದಳು. "ಮೈಂಕೆನ್, ಸೂಜಿ ಹಾಕ್ಸಿ ಮೂರು ವಾರ ಆಯ್ತು. ಈ ವಾರದಲ್ಲಿ ಒಂದು ಬದಲು ತೋರ್ಸಿ. ಇಲ್ಲಾಂದ್ರೆ ಆ ಇನ್ನೊಬ್ಬ ಸವಾರ ರ್ಯೂಟರ್ ಹತ್ರ ನಾಲ್ಕು ವಾರ ಕಳಿಸ್ತೀನಿ. ಅವನ ಕೈಲಿ ಎಂಥ ಸೋಮಾರಿನೂ ಬದಲಾಯಿಸ್ತಾಳೆ."

"ಅವಳು ಸೋಮಾರಿ ಅಲ್ಲ, ಟೀಟ್ಯೆನ್ ಅವರೇ."

"ಮತ್ತೆ ಏನು? ನೀವೇ ಹೇಳಿ."

 ರ್ಯೂಟರ್ ಕೈಯಿಂದ ಬಂದ ಕುದುರೆಗಳನ್ನು ಕೋರ್ಡ್ ನೋಡಿದ್ದ. ಪಕ್ಕೆಯ ಮೇಲೆ ಸವಾರನ ಹಿಮ್ಮಡಿಯ ಕಬ್ಬಿಣದ ಮುಳ್ಳು ಕೊರೆದ ಕಡೆ ಕೂದಲು ಬಿಳಿಯಾಗಿ ಹುಟ್ಟಿರುತ್ತಿತ್ತು.

ಮರುದಿನ ಬೆಳಗ್ಗೆ ಆರಕ್ಕೆ ಒಳಾಂಗಣದ ಬಾಗಿಲು ಮುಚ್ಚಿ ಅವನು ದಾಲಿಯಾಳ ಮೇಲೆ ಕೂತ. ನಡಿಗೆ. ಕುಕ್ಕೋಟ. ಮೂಲೆ ತಿರುಗುವಾಗ ಈಗ ಎಂದುಕೊಂಡ. ಕಾಲು ಹೋಗಲಿಲ್ಲ. ಮುಂದಿನ ಮೂಲೆ. ಮತ್ತೆ ಇಲ್ಲ. ಏಳೋ ಎಂಟೋ ಸುತ್ತಿನ ಮೇಲೆ ನಡುವೆ ತಂದು ನಿಲ್ಲಿಸಿದ. ಇಳಿಯೋಣವೆಂದರೆ ಅದೂ ಆಗಲಿಲ್ಲ. ಇಳಿದರೆ ಈ ಹೆಣ್ಣುಕುದುರೆಯನ್ನು ರ್ಯೂಟರ್ ಗಾಡಿಗೆ ತಾನೇ ಹತ್ತಿಸಿದಂತೆ. ಓಡಿಸೋಣವೆಂದರೆ ಕಾಲು ಮಾತು ಕೇಳುತ್ತಿಲ್ಲ. ರಿಕಾಪಿನಲ್ಲಿ ಅವನ ಎರಡೂ ಕಾಲು ನಡುಗತೊಡಗಿದವು. ದಾಲಿಯಾ ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿ, ಇವನು ಹೇಳುವುದಕ್ಕಾಗಿ ಕಾಯುತ್ತಾ ನಿಂತಳು. ಹೊರಗೆ ಬೆಳಕು ಹರಿಯಿತು. ಸೂರಿನಲ್ಲಿ ಗುಬ್ಬಿಗಳು ಎದ್ದವು. ಅವನು ಹಾಗೇ ಕೂತಿದ್ದ.

ಪಕ್ಕದ ಚಿಕ್ಕ ಬಾಗಿಲು ಕಿರುಗುಟ್ಟಿತು. ಲ್ಯೂರ್ಸ್. ಹಾಲಿನ ಗಾಡಿ ಓಡಿಸಿದ ಅಭ್ಯಾಸಕ್ಕೆ ಈಗಲೂ ನಾಲ್ಕಕ್ಕೇ ಏಳುವ ಮನುಷ್ಯ. ಕಿಸೆಯ ತುಂಬ ಕ್ಯಾರೆಟ್ ಇತ್ತು.

"ಏನಯ್ಯ, ನಿಂತ್ಬಿಟ್ಟಿದೀಯಲ್ಲ?" ಎಂದವನು ಹತ್ತಿರ ಬಂದು ಕೋರ್ಡ್‌ನ ಮುಖ ನೋಡಿದ. ಆಮೇಲೆ ರಿಕಾಪಿನಲ್ಲಿ ನಡುಗುತ್ತಿದ್ದ ಕಾಲು ನೋಡಿದ. "ಎಷ್ಟು ಹೊತ್ತಾಯ್ತು?"

"ಗೊತ್ತಿಲ್ಲ."

"ಇಳೀಲಿಕ್ಕೆ ಕೈ ಕೊಡ್ಲಾ?"

ಲ್ಯೂರ್ಸ್ ಭುಜ ಕೊಟ್ಟ, ಕೋರ್ಡ್ ಗೋಣಿಚೀಲದ ಹಾಗೆ ಜಾರಿ ಇಳಿದ. ಇಬ್ಬರೂ ಕುದುರೆ ಏರಲು ಇಟ್ಟಿದ್ದ ಮೆಟ್ಟಿಲ ಮೇಲೆ ಕೂತರು. ಕೋರ್ಡ್ ಎಲ್ಲ ಹೇಳಿದ. ರುಬಿನ್, ಗೋಡೆ, ಹಗ್ಗ, ಬೆವರು, ಬೆನ್ನು ಬಿಗಿ ಎಂದ ಸುಳ್ಳು, ಆರು ಸೂಜಿ. ಸೂಜಿಯ ಮಾತಿಗೆ ಬಂದಾಗ ಮಾತ್ರ ಲ್ಯೂರ್ಸ್ ಮುಖ ತಿರುಗಿಸಿಕೊಂಡ.

"ಅದೊಂದು ಮಾಡಬಾರ್ದಿತ್ತು ಕಣಯ್ಯ," ಎಂದ ಕೊನೆಗೆ. "ಅವಳು ನಾನು ಕೈಯಾರೆ ಎಳೆದು ಹುಟ್ಟಿಸಿದ ಮರಿ."

"ಹೌದು."

ಲ್ಯೂರ್ಸ್ ದಾಲಿಯಾಗೆ ಒಂದು ಕ್ಯಾರೆಟ್ ತಿನ್ನಿಸಿದ. ಆಮೇಲೆ ತನ್ನದೊಂದು ಸಂಗತಿ ಹೇಳಿದ. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಆಲ್ಲರ್ ಸೇತುವೆಯ ಮೇಲೆ ಮಂಜುಗಡ್ಡೆಗೆ ಅವನ ಟ್ಯಾಂಕರ್ ಅಡ್ಡ ತಿರುಗಿ ಕಂಬಿಗೆ ಆತುಕೊಂಡು ನಿಂತಿತ್ತು. ಮುಂದಿನ ಗಾಲಿ ಒಂದು ನೀರಿನ ಮೇಲೆ. "ಆಮೇಲೆ ಹನ್ನೊಂದು ವರ್ಷ ನಾನು ಆ ಸೇತುವೆ ಹತ್ತಲಿಲ್ಲ. ದಿನಾ ಹದಿನಾಲ್ಕು ಕಿಲೋಮೀಟರ್ ಬಳಸಿ ಹೋಗ್ತಿದ್ದೆ. ಡೇರಿಯವರಿಗೆ ಗೊತ್ತಿಲ್ಲ, ಹೆಂಡ್ತಿಗೂ ಗೊತ್ತಿಲ್ಲ. ಆ ದಾರೀಲಿ ಒಬ್ಬಳನ್ನ ಇಟ್ಕೊಂಡಿದೀನಿ ಅಂತ ಊರಲ್ಲಿ ಮಾತು. ಇರ್ಲಿ ಅಂತ ಬಿಟ್ಟೆ. ಹೆದರಿಕೆ ಅನ್ನೋದಕ್ಕಿಂತ ಅದೇ ಮರ್ಯಾದೆ ಅನ್ನಿಸ್ತು."

ಕೋರ್ಡ್‌ಗೆ ನಗು ಬಂದುಬಿಟ್ಟಿತು. "ಆಮೇಲೆ ಹೋಯ್ತಾ?"

"ಎಲ್ಲಿ ಹೋಗತ್ತೆ? ಬೇರೆ ರೂಟ್ ಕೊಟ್ರು, ಅಷ್ಟೇ." ಲ್ಯೂರ್ಸ್ ಎದ್ದು ಪ್ಯಾಂಟಿನ ಮರಳು ಕೊಡವಿದ. "ನೋಡು, ನನಗೆ ಬದಲು ನೋಡ್ಬೇಕು. ಮೇಲೆ ನೀನೇ ಕೂತಿರ್ಬೇಕು ಅನ್ನೋದು ಈಗ ಬಿಟ್ಟೆ. ಯಾರೂ ಕೂರದೆ ಆಗಲ್ವಾ?"

ಆಗುತ್ತಿತ್ತು. ಹಳೆಯ ಕಾಲದವರು ಮಾಡುತ್ತಿದ್ದ ಕ್ರಮ, ಕೋರ್ಡ್ ತರುಣನಾಗಿದ್ದಾಗ ಕಲಿತು ಆಮೇಲೆ ಕೈಬಿಟ್ಟದ್ದು. ಕಡಿವಾಣದ ಎರಡೂ ಬದಿಗೆ ಎರಡು ಉದ್ದ ಹಗ್ಗ ಕಟ್ಟಿ, ಒಂದನ್ನು ಕುದುರೆಯ ಹಿಂದಿನಿಂದ ಸುತ್ತಿ ತಂದು, ನಡುವೆ ನಿಂತು ಅವಳನ್ನು ಒಂದು ವೃತ್ತದಿಂದ ಇನ್ನೊಂದಕ್ಕೆ ದಾಟಿಸಬೇಕು. ದಾಟುವ ಜಾಗದಲ್ಲೇ ಬದಲು. ಹೊರಗಿನ ಹಗ್ಗ ಸವಾರನ ಮೀನಖಂಡದ ಕೆಲಸ ಮಾಡುತ್ತದೆ. ಆಲ್ಮುಟ್‌ಗೆ ಲ್ಯೂರ್ಸ್ ಅಂದೇ ಹೇಳಿದ: ಕುದುರೆ ತನ್ನದು, ರ್ಯೂಟರ್ ಬಳಿ ಹೋಗುವುದಿಲ್ಲ, ಇನ್ನೂ ಒಂದು ತಿಂಗಳು ಇಲ್ಲೇ ಇರಲಿ. ಅವಳು ಹುಬ್ಬೇರಿಸಿ ಒಪ್ಪಿದಳು.

ಆ ಭಾನುವಾರ ಮಧ್ಯಾಹ್ನ ಗೇಸಾ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಕೋರ್ಡ್ ಅವಳಿಗೂ ಹೇಳಿದ. ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು.

"ಗೊತ್ತು," ಅಂದಳು.

"ಏನು ಗೊತ್ತು?"

"ನಿನ್ನ ಸವಾರಿ ಪ್ಯಾಂಟ್ ಒಗೆಯೋಳು ನಾನಲ್ವಾ? ಮೊದ್ಲು ಆರು ತಿಂಗಳಿಗೆ ಸೀಟು ಸವೆದು ಹೋಗೋದು, ನಾನು ತೇಪೆ ಹಾಕೋಳು. ಈಗ ಎರಡು ವರ್ಷದಿಂದ ಅದೇ ಪ್ಯಾಂಟು. ಹೊಸದರ ಹಾಗಿದೆ."

ಕೋರ್ಡ್‌ಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಕೋಪ ಬಂತು. "ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ಲ? ಎರಡು ವರ್ಷ ನಾನೊಬ್ಬನೇ ಅದರೊಳಗೆ ಕೂತಿದ್ದೆ."

"ನೀನೇ ಹೇಳ್ತೀಯ ಅಂತ ಕಾದೆ. ಮೊದಲ ತಿಂಗಳು ಕೇಳ್ಬಹುದಿತ್ತು. ಆರು ತಿಂಗಳಾದ್ಮೇಲೆ ಕೇಳೋದು ಹೇಗೆ? ಇಷ್ಟು ದಿನ ಯಾಕೆ ಸುಮ್ನಿದ್ದೆ ಅಂತ ನೀನು ಕೇಳ್ತಿದ್ದೆ. ಈಗ ಕೇಳಿದ ಹಾಗೇ." ಅವಳ ಕಣ್ಣು ತುಂಬಿತ್ತು. "ಬೆಳಗ್ಗೆ ನೀನು ಕೆಳಗೆ ಹೋದ್ಮೇಲೆ ನಾನು ಕಿಟಕಿ ಹತ್ರ ನಿಂತು ಕೇಳಿಸ್ಕೋತಿದ್ದೆ. ಮೂರು ಸಪ್ಪಳ ಬರತ್ತಾ ಅಂತ. ಹಗ್ಗದಲ್ಲಿ ಖಾಲಿ ಓಡೋದು ಬೇರೆ ಥರ ಕೇಳ್ಸತ್ತೆ, ನನಗೆ ಅದೂ ಗೊತ್ತಾಗಿತ್ತು."

 ತಾನು ಸಿಕ್ಕಿಕೊಂಡ ಜಾಗದ ಪಕ್ಕದ ಕೋಣೆಯಲ್ಲೇ ಅವಳೂ ಸಿಕ್ಕಿಕೊಂಡಿದ್ದಳು ಎಂದು ಕೋರ್ಡ್‌ಗೆ ಅರ್ಥವಾಗುವುದಕ್ಕೆ ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಇಬ್ಬರೂ ಬೇಕಾದಷ್ಟೇ ಮಾತಾಡಿದರು.

ದಾಲಿಯಾ ಒಂಬತ್ತನೆಯ ದಿನ ಬದಲಿಸಿದಳು. ಎಡ ವೃತ್ತದಿಂದ ಬಲಕ್ಕೆ ಬರುತ್ತಿದ್ದಾಗ ಕೋರ್ಡ್ ಹೊರ ಹಗ್ಗವನ್ನು ಬೆರಳಲ್ಲಿ ಒತ್ತಿದ, ನಾಲಿಗೆಯಿಂದ ಒಂದು ಟಕ್ ಎಂದ. ಅವಳು ಗಾಳಿಯಲ್ಲೇ ತಿರುವಿ ಇಳಿದಳು. ಮುಂಗಾಲು ಹಿಂಗಾಲು ಒಟ್ಟಿಗೆ, ಒಂದು ಚೂರೂ ತಡವಿಲ್ಲದೆ. ಆ ಮೇಲೆ ತನಗೇ ಖುಷಿಯಾದವಳಂತೆ ಕತ್ತು ಕೊಂಕಿಸಿದಳು. ಕೋರ್ಡ್ ಅವಳನ್ನು ನಿಲ್ಲಿಸಿ ಹಣೆಗೆ ಹಣೆ ಇಟ್ಟ. ಸೂಜಿ ಚುಚ್ಚಿದ ಕಡೆ ಕೂದಲು ಇನ್ನೂ ಚಿಕ್ಕದಾಗಿಯೇ ಇತ್ತು.

ಎದೆಮಟ್ಟದ ಗೋಡೆಯ ಆಚೆ ಆಲ್ಮುಟ್ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ನಲವತ್ತು ವರ್ಷ ಕುದುರೆಗಳ ನಡುವೆ ಬದುಕಿದವಳಿಗೆ ಒಂದು ನೋಟ ಸಾಕಾಯಿತು.

"ಇವಳ ಬೆನ್ನಿಗೆ ಏನೂ ಆಗಿರ್ಲಿಲ್ಲ," ಎಂದಳು.

"ಇಲ್ಲ."

"ನೀವು ಎಷ್ಟು ದಿನದಿಂದ ಕೂತು ಓಡಿಸಿಲ್ಲ?"

"ಬಿದ್ದಾಗಿನಿಂದ."

ಅವಳು ತನ್ನ ಮೇಲಂಗಿಯ ಗುಂಡಿಯನ್ನು ಹಾಕಿ ಬಿಚ್ಚಿ ಮಾಡಿದಳು. ಟೊಮೇಟೊದ ತಮಾಷೆ ಅವಳಿಗೂ ನೆನಪಾಗಿರಬೇಕು, ಮುಖ ಕೆಂಪಾಯಿತು. ಆದರೆ ಕ್ಷಮೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. "ನಿಮ್ಮ ಕರಾರಿನಲ್ಲಿ ಸವಾರ ಅಂತಿದೆ, ಮೈಂಕೆನ್."

"ಗೊತ್ತು."

"ಏನ್ಮಾಡೋದು ಅಂತ ನನಗೂ ಗೊತ್ತಾಗ್ತಿಲ್ಲ. ಸದ್ಯಕ್ಕೆ ಇರಿ. ನೋಡೋಣ."

ಆ ನೋಡೋಣ ಎಂಬುದು ಎಂದೂ ಮುಗಿಯಲಿಲ್ಲ. ಅವಳು ಅವನನ್ನು ತೆಗೆಯಲೂ ಇಲ್ಲ, ಹೊಸ ಕಾಗದ ಮಾಡಿಕೊಡಲೂ ಇಲ್ಲ. ಬೆಳಗ್ಗೆ ಹಗ್ಗದ ಕೆಲಸ, ಆಮೇಲೆ ಹೇಳಿಕೊಡುವುದು, ಮಧ್ಯಾಹ್ನ ಹುಲ್ಲು ಹಾಕುವುದು, ಲದ್ದಿ ತೆಗೆಯುವುದು. ಯಾವುದಾದರೂ ಸೋಮವಾರ ಅವಳು ಕಟಕಟೆಗೆ ಒರಗಿ ನಿಂತು ಹೊಸ ಸವಾರ ಸಿಕ್ಕ ಎನ್ನಬಹುದು. ಪ್ರತಿ ಸೋಮವಾರವೂ ಅವನು ಅವಳ ಬೂಟಿನ ಸದ್ದಿಗೆ ತಲೆಯೆತ್ತುತ್ತಿದ್ದ. ಲಾಯದಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಯಾರೂ ಆಡಿಕೊಳ್ಳಲಿಲ್ಲ. ಅವನಿದ್ದಲ್ಲಿ ಕುದುರೆಯಿಂದ ಬೀಳುವ ಮಾತು ಬಂದರೆ ತಟ್ಟನೆ ಹವಾಮಾನಕ್ಕೆ ಹೊರಳಿಕೊಳ್ಳುತ್ತಿದ್ದರು. ಅದು ಆಡಿಕೊಳ್ಳುವುದಕ್ಕಿಂತ ಭಾರವಾಗಿತ್ತು.

ಲ್ಯೂರ್ಸ್ ಒಪ್ಪಿದ ಮೇಲೆ ದಾಲಿಯಾಳ ಮೇಲೆ ಇಮ್ಕೆ ಕೂತಳು. ಪೆಂತೆಕೋಸ್ತ್ ಸೋಮವಾರ ಲ್ಯೂರ್ಸ್ ಕೋಟು ಹಾಕಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಬಂದ. ಕೋರ್ಡ್ ನಡುವೆ ನಿಂತ. ಇಮ್ಕೆ ಮೂಲೆಯಿಂದ ಮೂಲೆಗೆ ಓರೆಯಾಗಿ ನೆಗೆಯೋಟ ತಂದಳು. ಕೋರ್ಡ್ "ಈಗ" ಎಂದ. ದಾಲಿಯಾ ಬದಲಿಸಿದಳು. ಇನ್ನೊಂದು ಓರೆ, ಇನ್ನೊಂದು ಈಗ, ಇನ್ನೊಂದು ಬದಲು. ಲ್ಯೂರ್ಸ್ ಕರ್ಚೀಫು ತೆಗೆದು ಜೋರಾಗಿ ಮೂಗು ಒರೆಸಿಕೊಂಡ. ಅವನ ಹೆಂಡತಿ, "ಇದಕ್ಕಾ ಇಷ್ಟು ದಿನ ಅಷ್ಟೊಂದು ಕೇಕ್ ಮಾಡ್ಸಿದ್ದು?" ಎಂದಳು. ಆದರೂ ಕೊನೆಯವರೆಗೆ ಕಣ್ಣು ಕದಲಿಸದೆ ನೋಡಿದಳು.

ಅವರು ಹೋದ ಮೇಲೆ ಇಮ್ಕೆ ಕುದುರೆಯನ್ನು ನಡಿಗೆಗೆ ಇಳಿಸಿ ಕೋರ್ಡ್ ಬಳಿ ತಂದಳು. "ನೀವು ಈಗ ಅಂದಾಗ ಸರಿಯಾಗತ್ತೆ. ನಾನೇ ಕೇಳಿದ್ರೆ ಚೂರು ತಡ ಆಗತ್ತೆ. ಆ ಗಳಿಗೆ ಬರ್ತಿದೆ ಅಂತ ಮೇಲೆ ಕೂತೋರಿಗೆ ಹೇಗೆ ಗೊತ್ತಾಗತ್ತೆ?"

ಕೋರ್ಡ್ ಯೋಚಿಸಿದ. "ಹಿಂಗಾಲು ಬಂದು ನೆಲಕ್ಕೆ ಕೂತಾಗ ನಿನ್ನ ಸೊಂಟದ ಒಂದು ಮಗ್ಗುಲು ಮೇಲೆ ಹೋಗತ್ತೆ. ಅದು ಇಳಿಯೋಕೆ ಶುರುವಾಗೋ ಮುಂಚೆ ಅವಳ ಬೆನ್ನು ನಿನ್ನನ್ನ ಎತ್ತತ್ತೆ. ಮಗು ಎತ್ಕೊಳ್ಳೋವಾಗ ಅದು ತಾನೇ ಕೈ ಮೇಲೆ ಹಗುರ ಆಗಲ್ವಾ, ಹಾಗೆ. ಆ ಹಗುರ ಶುರುವಾಗೋ ಮುಂಚೆ ಹೇಳ್ಬೇಕು. ಆಮೇಲಲ್ಲ." ಹೇಳುತ್ತಿದ್ದ ಹಾಗೆ ಮರಳಿನ ಮೇಲೆ ನಿಂತ ಅವನ ಎಡಗಾಲು ಒಂದು ಗೇಣು ಹಿಂದಕ್ಕೆ ಜಾರಿ, ತನ್ನಡಿಯಲ್ಲಿ ಇಲ್ಲದ ಕುದುರೆಯ ಪಕ್ಕೆಯನ್ನು ಮೆಲ್ಲಗೆ ಒತ್ತಿತು. ಇಮ್ಕೆ ಅದನ್ನು ನೋಡಿದಳು. ಅವನೂ ನೋಡಿಕೊಂಡ.

ಜೀನು ಅಲ್ಲೇ ಇತ್ತು, ಕುದುರೆ ಅಲ್ಲೇ ಇತ್ತು. ಇಮ್ಕೆ ಅವನಿಗೆ ಜಾಗ ಬಿಟ್ಟು ಇಳಿಯುವವಳಂತೆ ಒಂದು ಕಾಲನ್ನು ರಿಕಾಪಿನಿಂದ ತೆಗೆದಳು.

"ಬೇಡ," ಎಂದ ಕೋರ್ಡ್. "ಬಲಗಡೆಯಿಂದ ಇನ್ನೊಂದು ಸಲ ಮಾಡು. ಈ ಸಲ ನಾನು ಏನೂ ಹೇಳಲ್ಲ."